ಹೆಪ್ಪು ಕೊಲ್ಲುವ ದಿನ

ಹಾಲಿಗೆ ಹೆಪ್ಪು ಹಾಕುವುದು ಮನೆಮನೆಯ ಹೆಂಗಸರಿಗೂ ಗೊತ್ತು. ಮರಳಿಗೂ ಹೆಪ್ಪು ಹಾಕಬಹುದು ಎಂದು ಯಾರೋ ಒಬ್ಬ ಪುಣ್ಯಾತ್ಮ ಮೊದಲ ಸಲ ಹೇಳಿದಾಗ ಕೇಳಿದವರು ಬಿದ್ದುಬಿದ್ದು ನಕ್ಕರಂತೆ. ಅವರ ನಗು ನಿಲ್ಲುವುದರೊಳಗೆ ಥಾರ್ ಮರುಭೂಮಿಯ ದಿಬ್ಬಗಳು ಒಂದೊಂದಾಗಿ ಕಲ್ಲಾಗತೊಡಗಿದ್ದವು.

ಆ ಹೆಪ್ಪು ಕಣ್ಣಿಗೆ ಕಾಣದ ಜೀವ. ಯೂರಿಯಾ ಅದರ ಊಟ. ಸುಣ್ಣದ ನೀರಿನೊಡನೆ ಮರಳಿಗೆ ಬಿಟ್ಟರೆ, ಯೂರಿಯಾ ತಿಂದು ಕಣಕ್ಕೆ ಕಣ ಬೆಸೆದು ರೊಟ್ಟಿಯಷ್ಟು ತೆಳ್ಳನೆಯ ಬಂಡೆ ಕಟ್ಟುತ್ತದೆ. ಚಳಿಗಾಲದ ಇಬ್ಬನಿ ಆ ನುಣುಪಾದ ಬಂಡೆಯ ಮೇಲೆ ಜಾರಿ ತೊಟ್ಟಿಗೆ ಇಳಿಯುತ್ತದೆ. ಸುತ್ತಲಿನ ಊರುಗಳು ಬೇಸಿಗೆಯುದ್ದಕ್ಕೂ ಅದನ್ನೇ ಕುಡಿಯುತ್ತವೆ. ಚಳಿ ಇರುವತನಕ ಹೆಪ್ಪು ಸಾಧು. ಬಿಸಿಲು ಏರಿತೆಂದರೆ ಅದಕ್ಕೆ ಹುಚ್ಚು ಹಿಡಿಯುತ್ತದೆ. ಹಾಕಿದ್ದು ಸಾಲದೆ ಬೆವರು, ಉಚ್ಚೆ, ನೆತ್ತರು, ಎಲ್ಲಿ ಯೂರಿಯಾದ ಪಸೆಯಿದೆಯೋ ಅಲ್ಲಿಗೆ ನುಗ್ಗುತ್ತದೆ. ಮೊದಲ ವರ್ಷ ಇದು ಯಾರಿಗೂ ತಿಳಿದಿರಲಿಲ್ಲ. ಒಂದು ಒಂಟೆಮರಿ ಮಲಗಿದಲ್ಲೇ ಅರ್ಧ ಮೈ ಕಲ್ಲಾಗಿ, ತಾಯಿಯ ಕಣ್ಣೆದುರಿಗೆ ಕೂಗಿ ಕೂಗಿ ಸತ್ತಿತು. ಅಂದಿನಿಂದ ಒಂದು ಕಟ್ಟಳೆ: ಶಿವರಾತ್ರಿ ಕಳೆದ ಕೂಡಲೇ ಹೆಪ್ಪನ್ನೆಲ್ಲ ಕೊಲ್ಲಬೇಕು, ಡೇರೆ ಕಿತ್ತು ಊರಿಗೆ ಹೊರಡಬೇಕು.

ಕೊಪ್ಪಳ ಸೀಮೆಯಿಂದ ದೀಪಾವಳಿಗೆ ಬಂದ ಗ್ಯಾಂಗು ಅಂದು ಅದೇ ಕೆಲಸದಲ್ಲಿತ್ತು. ಹೆಪ್ಪು ತುಂಬಿದ ಉಕ್ಕಿನ ಹಂಡೆಗಳಿಗೆ ಕಾಸ್ಟಿಕ್ ಸೋಡಾ ಸುರಿದು ಕುದಿಸುತ್ತಿದ್ದರು. ಕುದಿವ ಹೆಪ್ಪು ಗಂಟಲು ಕುಯ್ದ ಪ್ರಾಣಿಯ ಹಾಗೆ ಗೊರಗೊರ ಸದ್ದು ಮಾಡುತ್ತಿತ್ತು. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡಿದ್ದರು.

ಹೆಂಗಸರ ಮುಂದಾಳು ನೀಲಗಂಗವ್ವ ಆ ಸದ್ದಿಗೆ ಕೈಮುಗಿದು ನಿಂತಿದ್ದಳು. ಪ್ರತಿ ವರ್ಷವೂ ಈ ದಿನ ಅವಳು ಹೀಗೆ ಕೈಮುಗಿಯುತ್ತಿದ್ದಳು. ನಾಲ್ಕು ತಿಂಗಳು ಅನ್ನ ಕೊಟ್ಟದ್ದನ್ನು ಬೇರುಸಹಿತ ಕೊಲ್ಲುವುದು ಯಾವ ದೇವರು ಮೆಚ್ಚುವ ಕೆಲಸ? ಅವಳ ಅಜ್ಜಿ ಗಡಿಗೆಯ ಮೊಸರನ್ನೆಲ್ಲ ಯಾರಿಗೆ ಬಡಿಸಿದರೂ ತಳದಲ್ಲಿ ಒಂದು ಚಮಚ ಉಳಿಸುತ್ತಿದ್ದಳು. ಹೆಪ್ಪು ಬತ್ತಿದ ಮನೆ ಮನೆಯಲ್ಲ ಎನ್ನುತ್ತಿದ್ದಳು. ಅದೂ ಅಲ್ಲದೆ, ಲ್ಯಾಬಿನಿಂದ ಪ್ರತಿ ವರ್ಷ ಬರುವ ಹೊಸ ಹೆಪ್ಪು ಹಟಮಾರಿ. ಮರಳಿಗೆ ಹೊಂದಿಕೊಳ್ಳಲು ತಿಂಗಳು ಹಿಡಿಯುತ್ತಿತ್ತು. ಹಾಗಾಗಿ ಈ ಸಲ ನೀಲಗಂಗವ್ವ ದೀಪಾವಳಿಯ ಮೊದಲ ಹೆಪ್ಪು ಮರಳಿಗೆ ಹೊಂದಿಕೊಂಡ ಕೂಡಲೇ ಅದನ್ನೇ ಒಂದು ಪುಟ್ಟ ಕುಡಿಕೆಯಲ್ಲಿ ತೆಗೆದಿರಿಸಿದ್ದಳು. ಹೆಪ್ಪು ತಂಪಿನಲ್ಲಿರಬೇಕಲ್ಲವೆ? ಡೇರೆಗಳ ಇಡೀ ಠಾಣ್ಯದಲ್ಲಿ ತಂಪಾದ ಜಾಗ ಒಂದೇ, ಬಚ್ಚಲಿನ ಹಿಂಬದಿ. ಅಲ್ಲಿ ಒದ್ದೆ ಮರಳಿನಲ್ಲಿ ಕುಡಿಕೆಯನ್ನು ಹೂತು, ಬಾಯಿಗೆ ಬಟ್ಟೆ ಕಟ್ಟಿ, ದೇವಿ ಹುಲಿಗೆವ್ವನ ಹೆಸರು ಹೇಳಿ ಬಂದಿದ್ದಳು. ಹೊರಡುವಾಗ ಇನ್ನೂ ಆಳಕ್ಕೆ ಹೂತರಾಯಿತು, ಬರುವ ಚಳಿಗೆ ತೆಗೆದರಾಯಿತು ಎಂದು ಅವಳ ಲೆಕ್ಕ. ಜನರ ಸ್ನಾನದ ನೀರು, ಉಚ್ಚೆ ಎಲ್ಲ ಅದೇ ಮರಳಿಗೆ ಇಂಗುತ್ತದೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಮೊಸರಿನ ಕಡೆಯಿಂದ ಯೋಚಿಸಿದವಳಿಗೆ ಅದು ಹೊಳೆಯುವುದೂ ಕಷ್ಟ.

"ಯಕ್ಕಾ, ಊರಿಗೆ ಹೋದಮ್ಯಾಲ ಮೂರು ದಿನ ಹೊಳ್ಯಾಗ ಬಿದ್ದಿರ್ತೀನಿ ನೋಡು. ಎಮ್ಮಿ ಹಂಗ," ಎಂದ ತಮ್ಮ ಗ್ಯಾನಪ್ಪ, ಡೇರೆಯ ಗೂಟ ಕೀಳುತ್ತ.

"ಬ್ಯಾಡಪಾ, ಎಮ್ಮಿಗೋಳು ಹೇಸಿಗ್ಯಾಗಿ ಎದ್ದು ಹೋದಾವು."

ಗ್ಯಾನಪ್ಪ ಹಲ್ಲು ಕಿರಿದ. ಹೆತ್ತವ್ವ ಸತ್ತಾಗ ಅವನಿನ್ನೂ ಎದೆಹಾಲು ಬಿಡದ ಕೂಸು. ಆಡಿನ ಹಾಲು ಕುಡಿಸಿ ಅವನನ್ನು ಬೆಳೆಸಿದವಳು ನೀಲಗಂಗವ್ವ. ತಾನು ಹೆತ್ತ ಮಕ್ಕಳಿಲ್ಲದ ಅವಳಿಗೆ ಅವನೇ ತಮ್ಮ, ಅವನೇ ಮಗ.

ಅಂದು ಗಾಳಿ ಬೆಳಗಿನಿಂದಲೇ ಬಿಸಿಯಾಗಿತ್ತು. ಹೆಂಚಿನ ಮೇಲಿಂದ ಬೀಸಿದ ಹಾಗೆ.

*

ಕಂಟೇನರಿನೊಳಗಿನ ಕಂಟ್ರೋಲ್ ರೂಮಿನಲ್ಲಿ ತಾರಾನಾಥ ಒಬ್ಬನೇ ಪರದೆಗಳ ಮುಂದೆ ಕೂತಿದ್ದ. ಕುಂದಾಪುರದ ಕಡೆಯವನು, ಹೆಪ್ಪಿನ ವಿಜ್ಞಾನಿ. ಒಂದೊಂದು ಹಂಡೆಯ ಹೆಪ್ಪು ಸತ್ತಾಗಲೂ ಮುಂದಾಳುಗಳಲ್ಲಿ ಒಬ್ಬರು ಬಂದು ಕಣ್ಣಾರೆ ನೋಡಿ ಒಪ್ಪಬೇಕೆಂದು ಅವನ ನಿಯಮ.

"ಬನ್ನಿ ನೀಲಗಂಗವ್ವ. ಇಲ್ಲಿ ನೋಡಿ. ಜೀವ ಇದ್ದಲ್ಲಿ ಕೆಂಪು, ಸತ್ತಲ್ಲಿ ಕಪ್ಪು. ಬಯಲಲ್ಲಿ ಕೆಂಡ ಇದ್ದರೂ ಒಮ್ಮೊಮ್ಮೆ ಕೆಂಪು ತೋರಿಸ್ತದೆ." ಮೇಲೆ ಹಾರುವ ಡ್ರೋನು ಕಳಿಸುವ ಚಿತ್ರದಲ್ಲಿ ಹಂಡೆಗಳೆಲ್ಲ ಕಪ್ಪಾಗುತ್ತ ಬಂದಿದ್ದವು. "ಈಗ ಉಳಿದಿರುವುದು ಮುದಿ ಹೆಪ್ಪು. ವಾರವಾರವೂ ಬಡವು ಮಾಡ್ತಾ ಬಂದದ್ದಲ್ವಾ, ಕಾಸ್ಟಿಕ್ ತಾಗಿದ್ದೇ ಸತ್ತುಹೋಗ್ತದೆ. ಪಾಪ."

ಪಾಪ ಎಂಬ ಮಾತು ಕೇಳಿ ನೀಲಗಂಗವ್ವನಿಗೆ ಅವನ ಮೇಲೆ ಅಕ್ಕರೆ ಬಂತು. ಆಗಲೇ ಅವನು ಪರದೆಗೆ ಮುಖ ತಂದ.

"ಇದೆಂತದು? ಬಚ್ಚಲಿನ ಹತ್ರ?"

ಅಲ್ಲಿ ಕೆಂಪು. ಚುಕ್ಕೆಯಲ್ಲ, ಅಂಗೈಯಷ್ಟು ಹರಡಿ, ನೋಡುನೋಡುತ್ತಲೇ ಅಂಚು ಬೆಳೆಸುತ್ತಿತ್ತು.

"ನೀರು ಕಾಸೋ ಒಲಿ ಐತ್ರೀ ಸರ."

"ಇಷ್ಟು ಅಗಲದ ಒಲೆಯಾ?"

"ಕೆಂಡ ಹರವೀವ್ರಿ. ಕಡೀ ದಿನ ಅಲ್ರೀ."

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಅದು ಹೇಳಿದವರ ಹೆಗಲೇರಿ ಬರುತ್ತದೆ. ಎರಡು ಸುಳ್ಳು ಹೊತ್ತುಕೊಂಡು ನೀಲಗಂಗವ್ವ ಕಂಟೇನರಿನಿಂದ ಇಳಿದಳು. ಓಡಿದರೆ ಜನ ನೋಡುತ್ತಾರೆಂದು ಬಿರುಸಾಗಿ ನಡೆದಳು. ಕುಡಿಕೆ ಕಿತ್ತು ಕುದಿವ ಹಂಡೆಗೆ ಎಸೆದರೆ ಮುಗಿಯಿತು, ದೇವರು ಕ್ಷಮಿಸಲಿ ಎಂದುಕೊಳ್ಳುತ್ತಿರುವಾಗಲೇ ಆ ಕೂಗು ಕೇಳಿತು.

ಮನುಷ್ಯನ ಕೂಗು. ಅವಳೇ ಬೆಳೆಸಿದ ಗಂಟಲು.

*

ಮೇಸ್ತ್ರಿ ದುರ್ಗಪ್ಪ ಗ್ಯಾನಪ್ಪನನ್ನು ಬಚ್ಚಲಿನ ತಗಡು ಕೀಳಲು ಕಳಿಸಿದ್ದ. ಅವನು ಹಿಂಬದಿಯ ಹಸಿ ಮರಳಿಗೆ ಬಲಗಾಲಿಟ್ಟಿದ್ದ. ಕಾಲು ಮೊಣಕಾಲಿನವರೆಗೆ ಕುಸಿಯಿತು. ಎಳೆದುಕೊಳ್ಳುವಷ್ಟರಲ್ಲಿ ಕುಡಿಕೆ ಒಡೆದು ಹಬ್ಬಿದ್ದ ಹೆಪ್ಪು ಅವನ ಬೆವರನ್ನು ಕಂಡುಕೊಂಡಿತ್ತು. ಮರಳು ಬಿಗಿಯಿತು.

"ಯಕ್ಕಾ! ಕಚ್ಚೇತಿ! ಕಾಲು ಕಚ್ಚೇತಿ!"

ಗಂಡಸರು ಹಾರೆ ತಂದು ಹೊಡೆದರು. ಕಿಡಿ ಹಾರಿತು, ಕಲ್ಲು ಹಾರಲಿಲ್ಲ. ಒಂದು ಏಟು ತಪ್ಪಿ ಅವನ ತೊಡೆಗೆ ಬಿತ್ತು. ನೆತ್ತರು ಚಿಮ್ಮಿ ಮರಳಿಗೆ ಬಿದ್ದಲ್ಲೆಲ್ಲ ಕ್ಷಣದಲ್ಲಿ ಕೆಂಪು ಹರಳಾಯಿತು. ಅದನ್ನು ಕಂಡು ಹಾರೆ ಹಿಡಿದವನು ಹಾರೆ ಬಿಟ್ಟು ಹಿಂದೆ ಸರಿದ.

"ಬೆವರು ಒರೆಸಿ! ಮೈ ಒಣಗಿಸಿ!" ಎಂದು ಕೂಗುತ್ತ ತಾರಾನಾಥ ಓಡಿ ಬಂದ. "ಬೆವರು ಇದ್ದಷ್ಟೂ ಅದು ಮೇಲೆ ಹತ್ತುತ್ತದೆ. ಹೊಟ್ಟೆಗೆ ಬಂದರೆ ಉಸಿರಾಡ್ಲಿಕ್ಕೆ ಬಿಡುವುದಿಲ್ಲ." ಫೋನಿನಲ್ಲಿ ಹೆಲಿಕಾಪ್ಟರಿಗೆ ಹೇಳಿದ. ಅದು ಬರಲು ಹೊತ್ತಿತ್ತು. ಹೆಂಗಸರು ಸೆರಗಿನಿಂದ ಗ್ಯಾನಪ್ಪನ ತೊಡೆ ಉಜ್ಜಿದರು. ನೋವು ತಿನ್ನುವ ಮೈ ಬೆವರದೆ ಇರುತ್ತದೆಯೇ? ಒರೆಸಿದಷ್ಟೂ ಒಸರಿತು.

ದುರ್ಗಪ್ಪನ ಕಣ್ಣು ಆಗ ತೊಟ್ಟಿಯ ಬಳಿ ಕ್ಯಾನು ಹಿಡಿದು ನಿಂತಿದ್ದವನ ಮೇಲೆ ಬಿತ್ತು. ಅವನು ಭೂರಾರಾಮ, ಅಲ್ಲಿಯದೇ ಒಂಟೆಗಾರ. ಚಳಿಗಾಲವೆಲ್ಲ ಠಾಣ್ಯಕ್ಕೆ ಹಾಲು ಹಾಕಿ, ಈ ಜನರ ಬಾಯಿಂದಲೇ ಒಂದಿಷ್ಟು ಕನ್ನಡ ಕಲಿತಿದ್ದ. ತನ್ನ ನೀರಿನ ಕುಂಟೆ ಸೋರುತ್ತದೆ, ಒಂದು ಲೋಟ ಹೆಪ್ಪು ಕೊಡಿ ಎಂದು ಎಲ್ಲರೆದುರಿಗೂ ಬೇಡಿದ್ದ. ಇವರು ನಕ್ಕು ಅಟ್ಟಿದ್ದರು.

"ಇವನ! ಇವನ ಕದ್ದಾನ!" ದುರ್ಗಪ್ಪ ಅವನ ಕುತ್ತಿಗೆ ಹಿಡಿದ. "ನಿನ್ನೆ ಹಂಡೆ ತೆರದಾಗ ಕದ್ದು ಇಲ್ಲಿ ಹುಗದಾನ, ನಾವು ಹೋದಮ್ಯಾಲ ಒಯ್ಯಾಕ!"

"ಇಲ್ಲಪಾ! ನಾ ಹಾಲಿನ ಕ್ಯಾನು ಒಯ್ಯಾಕ ಬಂದೀನಿ!"

ಮೊದಲ ಏಟು ಬಾಯಿಗೆ ಬಿತ್ತು. ಡೇರೆಯ ಹಗ್ಗದಿಂದ ಅವನನ್ನು ತೊಟ್ಟಿಯ ಕಂಬಕ್ಕೆ ಬಿಗಿದರು. ದುರ್ಗಪ್ಪ ಗುದ್ದಲಿಯ ಕಾವು ಹಿರಿದ. ಊರಲ್ಲಿ ಇರುವೆ ಕಂಡರೆ ದಾಟಿ ನಡೆಯುವ ಜನ ಅವರು. ಪುರಾಣ ಕೇಳಿ ಕಣ್ಣೀರು ಹಾಕುವವರು. ಆದರೆ ತಮ್ಮವನೊಬ್ಬ ಕಣ್ಣೆದುರು ಕಲ್ಲಾಗುತ್ತಿದ್ದ. ಕಲ್ಲಿಗೆ ಹೊಡೆದು ಸೋತ ಕೈಗಳಿಗೆ ಹೊಡೆಯಲು ಒಂದು ಮೈ ಬೇಕಾಗಿತ್ತು. ಬಲಗೈ ಬೆರಳ ಮೇಲೆ ಹೊಡೆದರು. ಪಕ್ಕೆಗೆ ಒದ್ದರು. ಒಂದು ಕಣ್ಣು ಊದಿ ಮುಚ್ಚಿತು.

ತಾರಾನಾಥ ಅವರ ನಡುವೆ ನುಗ್ಗಿದ. ಯಾರೋ ಅವನನ್ನೂ ತಳ್ಳಿದರು. "ಹೊಡೆಯುವುದು ಬಿಡಿ! ನನಗೆ ಒಂದು ಗೊತ್ತಾಗಬೇಕು, ಇದು ಯಾವಾಗಿನ ಹೆಪ್ಪು?"

"ನಿನ್ನೀದ್ರೀ ಸರ," ಎಂದ ದುರ್ಗಪ್ಪ ಏದುಸಿರು ಬಿಡುತ್ತ. "ನಿನ್ನೆ ಬಿಟ್ರ ಇವಗ ಯಾವಾಗ ಸಿಕ್ಕೀತು?"

ಭೂರಾರಾಮನ ತೆರೆದಿದ್ದ ಒಂದು ಕಣ್ಣು ಗುಂಪಿನಲ್ಲಿ ಹುಡುಕಿ ನೀಲಗಂಗವ್ವನ ಮೇಲೆ ನಿಂತಿತು. ದಿನಾ ಬೆಳಗ್ಗೆ ಅವನ ಕೈಯಿಂದ ಹಾಲು ತೆಗೆದುಕೊಳ್ಳುತ್ತಿದ್ದವಳು ಅವಳೇ.

"ಯಕ್ಕಾ... ನೀ ಹೇಳು. ನಾ ಕಳ್ಳ ಅಲ್ಲ ಅಂತ ನೀನರೆ ಹೇಳು."

ನೀಲಗಂಗವ್ವ ತಮ್ಮನ ತಲೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಕಾಸ್ಟಿಕ್ ತಾಗಿದ್ದೇ ಸತ್ತುಹೋಗ್ತದೆ ಎಂದು ಸರ್ ತಾನೇ ಹೇಳಿದ್ದರು. ಸತ್ತರೆ ತಮ್ಮನ ಕಾಲು ಬಂತು. ಇವನ ಗಾಯ ನಾಲ್ಕು ದಿನಕ್ಕೆ ಮಾದೀತು. ತಾನು ಇಟ್ಟದ್ದೆಂದು ಗ್ಯಾನಪ್ಪನಿಗೆ ತಿಳಿದರೆ, ಅವನು ತನ್ನನ್ನು ನೋಡುವ ನೋಟ ಮಾದೀತೇ? ಹುಲಿಗೆವ್ವಾ, ಇದೊಂದು ಸಲ ದಾಟಿಸವ್ವಾ ಎಂದು ಬೇಡಿದಳು. ದೇವಿಯನ್ನು ನಮ್ಮ ಸುಳ್ಳಿಗೆ ಪಾಲುದಾರಳಾಗಲು ಕರೆಯುವುದಕ್ಕಿಂತ ಹೆಚ್ಚಿನ ಧೈರ್ಯ ಲೋಕದಲ್ಲಿಲ್ಲ.

ಅವಳು ಮುಖ ತಿರುಗಿಸಿದಳು. ಕಾವು ಮತ್ತೆ ಬಿತ್ತು.

*

ತಾರಾನಾಥ ಕಾಸ್ಟಿಕ್ ಸುರಿದ. ತೊಡೆಗೆ ತಾಗದ ಹಾಗೆ ಸುತ್ತ ತಗಡು ಹಿಡಿದು, ಕಲ್ಲಿನ ಅಂಚಿಗೆ ಮಾತ್ರ, ಎಚ್ಚರದಿಂದ.

ಹೊಗೆ ಎದ್ದಿತು. ಕಲ್ಲು ಬೆಳ್ಳಗಾಯಿತು. ಆಮೇಲೆ ಕಬ್ಬು ಮುರಿದಂಥ ಒಂದು ಸದ್ದು. ಅದು ಕಲ್ಲಿನದಲ್ಲ, ಕಲ್ಲಿನೊಳಗಿನ ಮೂಳೆಯದು. ಗ್ಯಾನಪ್ಪ ಬಾಯಿ ತೆರೆದ; ಕೂಗು ಬರಲಿಲ್ಲ. ಬೆಳ್ಳನೆಯ ಪೊರೆ ಮೊಣಕಾಲನ್ನು ದಾಟಿ ನಾಲ್ಕು ಬೆರಳು ಮೇಲೇರಿ ಕಚ್ಚಿಕೊಂಡಿತು.

ತಾರಾನಾಥ ಸುರಿಯುವುದನ್ನು ನಿಲ್ಲಿಸಿದ. "ಇದು ನಿನ್ನೆಯದ್ದಲ್ಲ. ಇದು ಬೇರೆ ಎಂತದೋ. ಮುದಿಯಾಗಿದ್ದರೆ ಸಾಯಬೇಕಿತ್ತು." ಕಂಬದ ಕಡೆ ಓಡಿದ. "ಹೇಳು ಮಾರಾಯ, ಎಲ್ಲಿಂದ ತಂದದ್ದು? ಯಾವ ತಿಂಗಳದ್ದು? ಬಡವು ಮಾಡುವ ಮೊದಲಿನ ಎಳೆಯ ಹೆಪ್ಪಾದರೆ ಕಾಸ್ಟಿಕ್ ಅದಕ್ಕೆ ಹಾಲು ಕುಡಿದ ಹಾಗೆ! ಅದಕ್ಕೆ ಆಸಿಡ್ಡೇ ಬೇಕು, ನಡುವಿನದಾದರೆ ಆಸಿಡ್ಡೂ ಆಗದು. ತಪ್ಪು ಸುರಿದರೆ ಅವನು ಹೋದ!"

ಭೂರಾರಾಮ ಇಲ್ಲವೆಂದು ತಲೆಯಾಡಿಸಿದ. ಬಾಯಿಂದ ನೆತ್ತರು ಬಿಟ್ಟರೆ ಬೇರೇನೂ ಬರಲಿಲ್ಲ.

"ಹೇಳಸ್ತೀನಿ ತಡೀರಿ," ಎಂದು ದುರ್ಗಪ್ಪ ಅವನ ಎಡಗೈಯನ್ನು ಎಳೆದು ಕಂಬಕ್ಕೆ ಒತ್ತಿದ.

"ದೀಪಾವಳೀದು," ಎಂದಳು ನೀಲಗಂಗವ್ವ.

ಯಾರಿಗೂ ಕೇಳಲಿಲ್ಲ. ಅವಳು ಎದ್ದು ನಿಂತು ಎದೆ ಬಿರಿಯುವ ಹಾಗೆ ಕೂಗಿದಳು: "ದೀಪಾವಳಿ ಹೆಪ್ಪು! ನಾನ ಇಟ್ಟದ್ದು! ಬರೋ ವರ್ಷಕ್ಕಂತ ನಾನ ಹುಗದಿಟ್ಟದ್ದು! ಅವನ್ನ ಬಿಡ್ರೋ!"

ದುರ್ಗಪ್ಪನ ಕೈಯಿಂದ ಕಾವು ಜಾರಿತು. ಯಾರೋ ಭೂರಾರಾಮನ ಹಗ್ಗ ಬಿಚ್ಚಿದರು. ಗ್ಯಾನಪ್ಪ ಕತ್ತು ಹೊರಳಿಸಿ ಅಕ್ಕನ ಕಡೆ ನೋಡಿದ. ಅವಳು ಅಂಜಿದ್ದ ನೋಟ ಅದು. ಬಂದೇ ಬಂತು.

ಆಸಿಡ್ ಸುರಿದರು. ಮೇಲಿನ ಬಿಳಿ ಪದರ ಬುರುಗೆದ್ದು ಕರಗಿತು. ಒಳಗಿನದು ಕರಗಲಿಲ್ಲ.

"ಮೊದಲೇ ಆಗಿದ್ದರೆ..." ಎಂದ ತಾರಾನಾಥ. ಮೊದಲು ಅದು ರೊಟ್ಟಿಯಷ್ಟು ತೆಳುವಿತ್ತು. ಕಾಸ್ಟಿಕ್ ಕುಡಿದು ಈಗ ಗೋಡೆಯಾಗಿತ್ತು. ಅಂಚು ಇನ್ನೂ ತೆವಳುತ್ತಿತ್ತು. ಅವನು ಫೋನು ಕಿವಿಗಿಟ್ಟು ಆಸ್ಪತ್ರೆಯ ವೈದ್ಯರ ಮಾತು ಕೇಳಿದ. ಲಾರಿಗೆ ಸಾಮಾನು ಬಿಗಿಯುವ ಪಟ್ಟಿ ತರಿಸಿ, ಗ್ಯಾನಪ್ಪನ ತೊಡೆಯ ಬುಡಕ್ಕೆ ಸುತ್ತಿ ತಿರುವಿದ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ: "ಕಾಲು ಬಿಡಬೇಕು. ಈಗಲೇ. ಹೆಲಿಕಾಪ್ಟರ್ ಬರುವವರೆಗೆ ಕಾದರೆ ಮನುಷ್ಯನೇ ಇರುವುದಿಲ್ಲ."

ಸೌದೆ ಒಡೆಯುವ ಕೊಡಲಿ ಬಂತು. ದುರ್ಗಪ್ಪನ ಕೈಗೆ ಕೊಟ್ಟರು. ಕಟ್ಟಿಹಾಕಿದವನ ಮೇಲೆ ಅಷ್ಟು ಚೆನ್ನಾಗಿ ಆಡಿದ ಕೈ ಈಗ ಕೊಡಲಿಯನ್ನು ನೆಲಕ್ಕಿಳಿಸಿತು. "ನನ್ನ ಕೈಲಿ ಆಗಾಂಗಿಲ್ಲ," ಎಂದು ಕೂತುಬಿಟ್ಟ.

ನೀಲಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಡಲಿ ಎತ್ತಿಕೊಂಡಳು. ಕುದಿವ ನೀರಿನಲ್ಲಿ ಅದ್ದಿದಳು.

"ಯಕ್ಕಾ, ಬ್ಯಾಡ," ಎಂದ ಗ್ಯಾನಪ್ಪ. "ಯಕ್ಕಾ, ನೀ ಬ್ಯಾಡ. ಬ್ಯಾರೆ ಯಾರರೆ..."

"ಕಣ್ಣು ಮುಚ್ಚೋ ತಮ್ಮಾ."

"ನೀ ಯಾಕ ಇಟ್ಟಿ ಅದನ್ನ? ಯಾಕ ಇಟ್ಟಿ?"

"ಕಣ್ಣು ಮುಚ್ಚು."

ನಾಲ್ಕು ಜನ ಅವನನ್ನು ಅದುಮಿ ಹಿಡಿದರು. ಮೊದಲ ಏಟಿಗೆ ಮಾಂಸ ಬಿಟ್ಟಿತು. ಎರಡನೆಯದು ಮೂಳೆಗೆ ತಾಗಿ ಕೊಡಲಿ ಸಿಕ್ಕಿಕೊಂಡಿತು. ಅವಳು ತನ್ನ ಪಾದವನ್ನು ಅವನ ತೊಡೆಯ ಮೇಲೆ ಊರಿ ಅದನ್ನು ಕಿತ್ತಳು. ಅವನ ಕೂಗು ಅವಳ ಕಿವಿಯಲ್ಲಿ ತೊಟ್ಟಿಲ ಕೂಸಿನ ಕೂಗಿನ ಹಾಗೆಯೇ ಕೇಳಿತು. ಮೂರನೆಯ ಏಟಿಗೆ ಕೂಗು ನಿಂತಿತು. ನಾಲ್ಕನೆಯದಕ್ಕೆ ಅವನು ಕಲ್ಲಿನಿಂದ ಬೇರೆಯಾದ. ತಾರಾನಾಥ ಪಟ್ಟಿಯನ್ನು ಇನ್ನೂ ಒಂದು ಸುತ್ತು ಬಿಗಿದು, ಪಕ್ಕಕ್ಕೆ ಹೊರಳಿ ಕೂತು ವಾಂತಿ ಮಾಡಿದ.

*

ಹೆಲಿಕಾಪ್ಟರು ಎಬ್ಬಿಸಿದ ಧೂಳು ಇಳಿಯುವಾಗ ಬಿಸಿಲು ಓರೆಯಾಗಿತ್ತು. ಗ್ಯಾನಪ್ಪನಿಗೆ ಉಸಿರಿತ್ತು, ಬದುಕುತ್ತಾನೆ ಎಂದು ಅದರಲ್ಲಿ ಬಂದ ದಾದಿ ಹೇಳಿದ್ದಳು. ತಾರಾನಾಥ ಅವನೊಡನೆ ಹೋದ. ಭೂರಾರಾಮನನ್ನೂ ಹತ್ತು ಎಂದರು. ಅವನು ಒಪ್ಪಲಿಲ್ಲ. "ಒಂಟಿಗೋಳನ್ನ ಯಾರು ಕಾಯ್ತಾರ?" ಎಂದ, ಅಷ್ಟೆ.

ಉಳಿದ ಕೆಲಸ ಉಳಿದೇ ಇತ್ತು. ಗಂಡಸರು ಕಲ್ಲಿನ ಸುತ್ತ ಆಸಿಡ್ ಸುರಿದು, ಅದು ಸಾಯುವತನಕ ಕಾದು, ಮೇಲೆ ಒಣಮರಳು ಎಳೆದರು. ಹೆಂಗಸರು ಡೇರೆ ಮಡಚಿ ಲಾರಿಗೆ ಹಾಕಿದರು. ಯಾರೂ ನೀಲಗಂಗವ್ವನನ್ನು ಬೈಯಲಿಲ್ಲ. ಯಾರೂ ಅವಳ ಬಳಿ ನಿಲ್ಲಲೂ ಇಲ್ಲ.

ಅವಳು ತಂಬಿಗೆಯಲ್ಲಿ ನೀರು ತೆಗೆದುಕೊಂಡು ಕಂಬದ ಬುಡಕ್ಕೆ ಹೋದಳು. ಭೂರಾರಾಮ ಅಲ್ಲೇ ಕೂತಿದ್ದ. ಮುರಿದ ಬೆರಳುಗಳನ್ನು ಮಡಿಲಲ್ಲಿ, ಬೇರೆ ಯಾರದೋ ವಸ್ತುವನ್ನು ಕಾಯುವವನ ಹಾಗೆ, ಇಟ್ಟುಕೊಂಡಿದ್ದ. ನೀರು ಕುಡಿದ. ಬಾಯಿ ಒರೆಸಿಕೊಂಡ.

"ಯಕ್ಕಾ, ಒಂದ್ ಮಾತು ಕೇಳ್ತೀನಿ."

"ಕೇಳಪಾ."

"ತಮ್ಮನ ಕಾಲು ಉಳಸಾಕ ನೀ ಹೇಳ್ದಿ. ಸಾಬ್‌ಗೆ ಬೇಕಾಗಿತ್ತು, ಹೇಳ್ದಿ." ತನಗೆ ಗೊತ್ತಿದ್ದ ಅಷ್ಟಿಷ್ಟು ಕನ್ನಡವನ್ನು ಅವನು ಕಲ್ಲು ಜೋಡಿಸಿದಂತೆ ಒಂದೊಂದಾಗಿ ಇಡುತ್ತಿದ್ದ. "ಅದು ಬ್ಯಾಡಾಗಿದ್ರ? ಬರೇ ನನ್ನ ಸಲುವಾಗಿ... ಹೇಳ್ತಿದ್ದೇನು?"

ಲಾರಿಗೆ ಸಾಮಾನು ಏರಿಸುತ್ತಿದ್ದವರ ಕೈ ನಿಂತಿತು. ಎಲ್ಲರೂ ಇತ್ತ ನೋಡುತ್ತಿದ್ದರು.

ಹೇಳುತ್ತಿದ್ದೆ ಎನ್ನುವುದು ಸುಲಭವಿತ್ತು. ಹಾಗೆಂದರೆ ಅವನಿಗೂ ಕೊಂಚ ಸಮಾಧಾನವಾಗುತ್ತಿತ್ತೇನೋ. ನೀಲಗಂಗವ್ವ ತನ್ನ ಒಳಗನ್ನು ನೋಡಿಕೊಂಡಳು. ಅವನು ಯಕ್ಕಾ ಎಂದು ಕರೆದಾಗ ತಾನು ತಿರುಗಿಸಿದ ಮುಖ ಅಲ್ಲಿ ಇನ್ನೂ ತಿರುಗಿಯೇ ಇತ್ತು.

"ಇಲ್ಲಪಾ," ಎಂದಳು. "ಹೇಳ್ತಿದ್ದಿಲ್ಲ."

ಭೂರಾರಾಮ ಎಡಗೈ ಊರಿ ಎದ್ದ. ಮರಳಲ್ಲಿ ಬಿದ್ದಿದ್ದ ಗುದ್ದಲಿಯ ಕಾವನ್ನು ಎತ್ತಿಕೊಂಡ. ಅವಳು ಕದಲಲಿಲ್ಲ. ಅವನು ಬೀಸಿದ. ಅವಳ ಹೆಗಲ ಎಲುಬು ಕಟಕ್ಕೆಂದಿತು. ಅವಳು ಮೊಣಕಾಲೂರಿ ಬಿದ್ದಳು.

"ಏಯ್!" ದುರ್ಗಪ್ಪನೂ ಇನ್ನಿಬ್ಬರೂ ಓಡಿ ಬಂದರು.

"ಮುಟ್ಟೀರಿ ಅಂದ್ರ ನೋಡ್ರಿ!" ಬಿದ್ದಲ್ಲಿಂದಲೇ ನೀಲಗಂಗವ್ವ ಗದರಿದಳು. "ಇನ್ನೊಂದ್ಸಲ ಅವನ ಮೈಮ್ಯಾಲ ಕೈ ಬಿತ್ತಂದ್ರ, ನಾ ಲಾರಿ ಹತ್ತಾಂಗಿಲ್ಲ. ಇಲ್ಲೇ ಸಾಯ್ತೀನಿ." ಅವರು ನಿಂತರು.

ಭೂರಾರಾಮ ಕಾವನ್ನು ಮತ್ತೆ ಎತ್ತಿದ್ದ. ಎತ್ತಿದ ಕೈ ಹಾಗೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನು ಕೆಳಗೆ ಬಿಟ್ಟ.

"ಬರೋ ಚಳಿಗೆ ಬರಬ್ಯಾಡ," ಎಂದ.

"ಆತಪಾ."

ಅವನು ಅವರೆಲ್ಲರಿಗೂ ಬೆನ್ನು ಕೊಟ್ಟು ಒಂಟೆಗಳ ಕಡೆ ನಡೆದ. ಪಕ್ಕೆಯ ನೋವಿಗೆ ವಾಲುತ್ತ ನಡೆದ, ಅವಸರ ಮಾಡಲಿಲ್ಲ, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅವನು ದಿಬ್ಬ ಇಳಿದು ಮರೆಯಾಗುವತನಕ ನೀಲಗಂಗವ್ವ ಮರಳಲ್ಲಿ ಮೊಣಕಾಲೂರಿಯೇ ಇದ್ದಳು. ಲಾರಿಯವನು ಹಾರ್ನ್ ಹೊಡೆದ. ಎಬ್ಬಿಸಲು ಯಾರೋ ಕೈ ಚಾಚಿದರು. ಅವಳು ಆ ಕೈ ಹಿಡಿಯಲಿಲ್ಲ. ಬದಿಯ ಹಲಗೆಯನ್ನು ಒಂದೇ ಕೈಯಲ್ಲಿ ಹಿಡಿದು, ನೋವಿಗೆ ಹಲ್ಲು ಕಚ್ಚಿ, ತಾನೇ ಹತ್ತಿದಳು.